ಯಾರ ಲೆಕ್ಕದ ಹಸಿರು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಚಳ್ಳಕೆರೆ ತಾಲ್ಲೂಕಿನ ಕಾವಲೊಂದರ ಅಂಚಿನಲ್ಲಿ ನಿಂತು ನಾನು ಮೊಬೈಲ್ ಪರದೆಯನ್ನು ಕೈಯಿಂದ ಮರೆಮಾಡಿಕೊಂಡು ನೋಡುತ್ತಿದ್ದೆ. ಅದರಲ್ಲಿದ್ದದ್ದು ಹಿಂದಿನ ವಾರ ಉಪಗ್ರಹ ತೆಗೆದ ಚಿತ್ರ. ನಾನು ನಿಂತ ಜಾಗ ಕಂದು, ಸುತ್ತಲ ಹೊಲಗಳೂ ಕಂದು. ಹಳ್ಳದ ದಿಕ್ಕಿನಲ್ಲಿ ಮಾತ್ರ ಕಡು ಹಸಿರಿನ ಒಂದು ಪಟ್ಟಿ. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನಿಗೆ ಅದನ್ನು ತೋರಿಸಿ, ಈ ಬಿಸಿಲಲ್ಲಿ ಇಲ್ಲೇ ಯಾಕಿದ್ದೀರಿ, ಆ ಕಡೆ ಹಸಿರಿದೆಯಲ್ಲ ಎಂದೆ. ಅಜ್ಜ ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. “ಅಲ್ಲೇನೈತಪ್ಪ ಮೇಯಾಕೆ? ಬಳ್ಳಾರಿ ಜಾಲಿ ಐತೆ” ಎಂದರು.

ಹೋಗಿ ನೋಡಿದೆ. ಹಳ್ಳದ ಎರಡೂ ದಡದಲ್ಲಿ ಬಳ್ಳಾರಿ ಜಾಲಿ ಹೆಣೆದುಕೊಂಡು ಬೆಳೆದಿತ್ತು. ಒಳಗೆ ಕಾಲಿಡಲು ಜಾಗವಿಲ್ಲ, ಬುಡದಲ್ಲಿ ಒಂದು ಎಸಳು ಹುಲ್ಲಿಲ್ಲ. ಕಾಯಿ ಬಿಟ್ಟು ಉದುರಿದಾಗ ಕುರಿಗಳು ಆರಿಸಿ ತಿನ್ನುತ್ತವೆ, ಎಲೆಯನ್ನು ಮೂಸಿ ಬಿಡುತ್ತವೆ. ಪರದೆಯ ಮೇಲೆ ಕಂದಾಗಿದ್ದ ಜಾಗದಲ್ಲಿಯೇ ಅಜ್ಜನ ಕುರಿಗಳು ಕರಡವನ್ನು, ಅಂದರೆ ಬೆಳೆದು ನಿಂತಲ್ಲೇ ಒಣಗಿದ ಹುಲ್ಲನ್ನು, ತಿನ್ನುತ್ತಿದ್ದವು.

ನಾನು ಓದುತ್ತಿರುವುದು ಇತಿಹಾಸ. ಅಮೃತ ಮಹಲ್ ಕಾವಲುಗಳ ಹಳೆಯ ಕಡತಗಳು ನನ್ನ ಪಿಎಚ್.ಡಿ.ಯ ವಿಷಯ. ಉಪಗ್ರಹದ ಗೊಡವೆ ನನಗೆ ಅಂಟಿಸಿದ್ದು ಹಾಸ್ಟೆಲಿನ ಪಕ್ಕದ ಕೋಣೆಯ ಗೆಳೆಯ. ಅವನದು ದೂರಸಂವೇದಿ. ನೀನು ನೂರು ವರ್ಷದ ಹಿಂದಿನ ಕಾವಲು ಹುಡುಕುತ್ತೀ, ನನ್ನ ಹತ್ತಿರ ಇಪ್ಪತ್ತು ವರ್ಷದ ಕಾವಲು ಎರಡು ವಾರಕ್ಕೊಮ್ಮೆಯಂತೆ ಇದೆ, ಬೇಕಾ ಎಂದು ಕೇಳಿದ. ಬೇಕೆಂದೆ. ಆಮೇಲಿನಿಂದ ನೆಲದಲ್ಲಿ ಕಂಡಿದ್ದಕ್ಕೂ ಆಕಾಶದಿಂದ ಅಳೆದಿದ್ದಕ್ಕೂ ಇರುವ ಜಗಳ ಬಿಡಿಸುವುದೇ ಕೆಲಸವಾಗಿದೆ. ಗಿಡಮರಗಳು ಯಾವಾಗ ಚಿಗುರುತ್ತವೆ, ಹೂ ಬಿಡುತ್ತವೆ, ಎಲೆ ಉದುರಿಸುತ್ತವೆ ಎಂದು ಗುರುತಿಟ್ಟುಕೊಳ್ಳುವ ವಿದ್ಯೆಗೆ ಫೀನಾಲಜಿ ಎನ್ನುತ್ತಾರೆ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಕ್ರಿ.ಶ. 812ರಷ್ಟು ಹಿಂದಕ್ಕೆ ಹೋಗುತ್ತದೆ. ಅರಮನೆಯ ದಿನಚರಿ ಬರೆದವರಿಗೆ ಹೂವಿನ ಹಬ್ಬ ಮುಖ್ಯವಾಗಿತ್ತು, ಹಾಗಾಗಿ ಅದು ಉಳಿಯಿತು. ನಮ್ಮ ಕಡೆ ಅರಮನೆಗೆ ಬೇಕಾಗಿದ್ದದ್ದು ಹುಲ್ಲು.

ಇದು ಅಲಂಕಾರದ ಮಾತಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಸೈನ್ಯದ ತೋಪು ಎಳೆಯುವ ಎತ್ತುಗಳ ತಳಿ ಅದು. 1799ರ ನಂತರ ಬ್ರಿಟಿಷರು ಅದನ್ನು ತಮ್ಮ ಕೈಗೆ ತೆಗೆದುಕೊಂಡರು, 1860ರಲ್ಲಿ ಖರ್ಚು ಹೆಚ್ಚೆಂದು ಮಂದೆಗಳನ್ನು ಮಾರಿಬಿಟ್ಟರು, 1866ರಲ್ಲಿ ತಪ್ಪು ತಿಳಿದು ಮತ್ತೆ ಕಟ್ಟಿದರು. ಈ ಮಂದೆಗಳಿಗೆಂದು ಮೈಸೂರು ಸೀಮೆಯುದ್ದಕ್ಕೂ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಅವುಗಳನ್ನು ವಿಂಗಡಿಸಿದ ಕ್ರಮ ನೋಡಿದಾಗ ನಾನು ಕಡತವನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು. ಮಣ್ಣಿನಿಂದಲ್ಲ, ವಿಸ್ತೀರ್ಣದಿಂದಲ್ಲ, ಅಲ್ಲಿನ ಮೇವು ಮತ್ತು ನೀರು ವರ್ಷದ ಯಾವ ಭಾಗದಲ್ಲಿ ಸಿಗುತ್ತದೆ ಎಂಬುದರಿಂದ ಒಂದು ನೆಲಕ್ಕೆ ಹೆಸರು. ಕೆರೆಯಂಗಳ ಮತ್ತು ನೆರಳಿದ್ದದ್ದು ಬೇಸಿಗೆಗೆ. ಮೊದಲ ಮಳೆಗೇ ಹಸಿರಾಗಿ ಬೇಗ ಬಾಡುವ ಮರಳು ನೆಲ ಇನ್ನೊಂದು ಕಾಲಕ್ಕೆ. ಮಂದೆ ಋತುವಿನ ಹಿಂದೆ ನಡೆಯುತ್ತಿತ್ತು. ಫೀನಾಲಜಿ ಎಂಬ ಪದ ಕೇಳದವರು ಫೀನಾಲಜಿಯ ಮೇಲೆ ಒಂದು ಇಲಾಖೆಯನ್ನೇ ನಡೆಸಿದ್ದರು. ಈ ವಿಂಗಡಣೆ ಗುಮಾಸ್ತರ ತಲೆಯಲ್ಲಿ ಹುಟ್ಟಿರಲಾರದು, ದನದ ಹಿಂದೆ ನಡೆದವರದ್ದೇ ಇರಬೇಕು ಎಂಬುದು ನನ್ನ ಅಂದಾಜು.

ರೈತರ ಲೆಕ್ಕ ಇದಕ್ಕಿಂತ ಹಳೆಯದು. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ಮಳೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ. ವರ್ಷಕ್ಕೆ ಇಪ್ಪತ್ತೇಳು ತುಂಡು. ನಮ್ಮಪ್ಪನಿಗೆ ಜೂನ್ ಜುಲೈ ಎಂದರೆ ಸಂಬಳದವರ ತಿಂಗಳು. ಅವರ ಮಾತಿನಲ್ಲಿ “ಆರಿದ್ರೆ ಹೋಯ್ತು, ಪುನರ್ವಸೂಲಿ ಬಿತ್ತಿದ್ವಿ”. ಉಪಗ್ರಹದ ಹಸಿರಿನ ದತ್ತಾಂಶದಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಾಸಾದ ಟೆರ್ರಾ ಉಪಗ್ರಹದ ಮೋಡಿಸ್ ಉಪಕರಣದ್ದು. 1999ರ ಡಿಸೆಂಬರಿನಲ್ಲಿ ಹಾರಿದ್ದು, 2000ದಿಂದ ಮಾಹಿತಿ ಕೊಡುತ್ತಿದೆ. ಅದು ಹದಿನಾರು ದಿನಕ್ಕೊಂದು ತುಂಡು ಮಾಡುತ್ತದೆ, ವರ್ಷಕ್ಕೆ ಇಪ್ಪತ್ತಮೂರು. ಆ ಹದಿನಾರು ದಿನಗಳಲ್ಲಿ ಮೋಡವಿಲ್ಲದ ಒಳ್ಳೆಯ ನೋಟವನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. ಎರಡು ವಾರಕ್ಕಿಂತ ಸಣ್ಣ ತುಂಡಿನಲ್ಲಿ ಋತುವನ್ನು ಹಿಡಿದರೆ ಗದ್ದಲವೇ ಹೆಚ್ಚು, ದೊಡ್ಡದಾದರೆ ಬಿತ್ತನೆಯ ಸಮಯವೇ ಜಾರಿಹೋಗುತ್ತದೆ. ಪಂಚಾಂಗದವರೂ ಉಪಗ್ರಹದವರೂ ಬೇರೆ ಬೇರೆ ಕಾರಣಕ್ಕೆ ಒಂದೇ ಅಳತೆಗೋಲಿನ ಹತ್ತಿರ ಬಂದು ನಿಂತಿದ್ದಾರೆ. ಗೆಳೆಯನಿಗೆ ಇದನ್ನು ಹೇಳಿದರೆ, ಕಾಕತಾಳೀಯ, ಪ್ರಬಂಧದಲ್ಲಿ ಬರೆಯಬೇಡ ಎಂದ. ಪ್ರಬಂಧದಲ್ಲಿ ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಸರ್ಕಾರವೂ ನೆಲದ ಮೇಲೆ ನಿಂತು ನೋಡಿದ್ದುಂಟು. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದ್ದು ಎಲ್ಲರಿಗೂ ಗೊತ್ತು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ ಅದು, ದೂರದ ರಾಜಧಾನಿ ಈ ಕಲ್ಲುಬೆಟ್ಟಗಳ ನಾಡಿಗೆ ಬರೆದ ನಮಗೆ ಸಿಕ್ಕ ಮೊದಲ ಕಾಗದ. ಹೆಚ್ಚು ಜನರಿಗೆ ಗೊತ್ತಿಲ್ಲದ್ದು, ಅದೇ ಹೊತ್ತಿಗೆ, 1892-93ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ಮೈಸೂರು ಸಂಸ್ಥಾನ ನಾಲ್ಕು ಹವಾಮಾನ ವೀಕ್ಷಣಾಲಯಗಳನ್ನು ತೆರೆದದ್ದು: ಬೆಂಗಳೂರು, ಮೈಸೂರು, ಹಾಸನ, ಮತ್ತು ಚಿತ್ರದುರ್ಗ. 1876-78ರ ಮಹಾಕ್ಷಾಮದ ನೆನಪು ಆಗಿನ್ನೂ ಹಸಿಯಾಗಿತ್ತು. ಮಳೆ ಅಳೆಯುವುದು ಹವ್ಯಾಸವಲ್ಲ, ಭಯದಿಂದ ಹುಟ್ಟಿದ ಶಿಸ್ತು.

ಮಳೆಯನ್ನು ಕೊಳವೆಯಲ್ಲಿ ಅಳೆಯಬಹುದು, ಬೆಳೆಯನ್ನು ಅಳೆಯುವುದು ಹೇಗೆ? ಅದಕ್ಕಿದ್ದದ್ದು ಶಾನುಭೋಗರ ಕಣ್ಣು. ಹೊಲದ ಬದುವಿನಲ್ಲಿ ನಿಂತು, ಪೂರ್ತಿ ಬೆಳೆಯನ್ನು ಹದಿನಾರಾಣೆ ಎಂದಿಟ್ಟುಕೊಂಡು, ಈ ವರ್ಷ ಆರಾಣೆ, ಈ ವರ್ಷ ನಾಲ್ಕಾಣೆ ಎಂದು ಅಂದಾಜು ಕಟ್ಟುವುದು. ಆಣೆವಾರಿ ಎಂದರೆ ಇದೇ. ಆಣೆ ಎಷ್ಟೆಂಬುದರ ಮೇಲೆ ಕಂದಾಯದ ರಿಯಾಯಿತಿ. ನಮ್ಮ ಪಹಣಿ ಇವತ್ತಿಗೂ ಅದೇ ವಂಶದ್ದು, ಹೊಲ ನೋಡಿ ಬರೆದದ್ದು ಎಂಬ ನಂಬಿಕೆಯ ಮೇಲೆ ನಿಂತ ಕಾಗದ. ನೋಡದೆಯೂ ಬರೆಯಬಹುದು ಎಂಬುದು ಎಲ್ಲ ಹಳ್ಳಿಗಳಿಗೂ ತಿಳಿದ ಗುಟ್ಟು. ನೆಲದ ವೀಕ್ಷಣೆ ಎಂದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಕಣ್ಣಿಗೆ ಹಂಗಿದೆ, ಮುಲಾಜಿದೆ, ಕೆಲವೊಮ್ಮೆ ಜಾತಿಯೂ ಇದೆ.

ನೆನಪಿಗೂ ತನ್ನದೇ ದೋಷವಿದೆ. ಮೊದಲು ಹೇಳಿದ ಅಜ್ಜ, ದೊಡ್ಡ ಬರ ಬಂದದ್ದು ಮಗಳ ಮದುವೆಯ ವರ್ಷ, ಕಾವಲಿನಲ್ಲಿ ಹುಲ್ಲೇ ಏಳಲಿಲ್ಲ ಎಂದು ಖಚಿತವಾಗಿ ಹೇಳಿದ್ದರು. ಮನೆಯಲ್ಲಿ ಗೋಡೆಗೆ ಸಿಕ್ಕಿಸಿದ್ದ ಲಗ್ನಪತ್ರಿಕೆಯಲ್ಲಿ 2014 ಎಂದಿತ್ತು. ಅವರು ವರ್ಣಿಸಿದ ಬರ 2016ರದ್ದು. ಬರವನ್ನೂ ಮದುವೆಯ ಸಾಲವನ್ನೂ ಅವರು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದರು. ಇತಿಹಾಸದವನಾಗಿ ನನಗೆ ಆ ಗಂಟು ಮುಖ್ಯ, ಆದರೆ ವರ್ಷ ಬೇಕಾದಾಗ ನಾನು ಗೆಳೆಯನ ಗೆರೆಯನ್ನೇ ನಂಬುತ್ತೇನೆ.

ಆ ಗೆರೆ ಹುಟ್ಟಿದ ಕಥೆ ಚಳ್ಳಕೆರೆಯವರಿಗೆ ಹತ್ತಿರದ್ದು. 1972ರ ಜುಲೈ 23ರಂದು ಅಮೆರಿಕ ಭೂಮಿಯನ್ನು ನೋಡಲೆಂದೇ ಒಂದು ಉಪಗ್ರಹ ಹಾರಿಸಿತು. ಅದಕ್ಕೆ ನಂತರ ಲ್ಯಾಂಡ್‌ಸ್ಯಾಟ್ 1 ಎಂಬ ಹೆಸರು ನಿಂತಿತು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನ್ ರೌಸ್ ಮತ್ತು ಸಂಗಡಿಗರು ಅದರ ಚಿತ್ರಗಳಿಂದ ಅಲ್ಲಿನ ಮಹಾ ಹುಲ್ಲುಬಯಲಿನಲ್ಲಿ ವಸಂತದ ಹಸಿರು ದಕ್ಷಿಣದಿಂದ ಉತ್ತರಕ್ಕೆ ಅಲೆಯಂತೆ ಸಾಗುವುದನ್ನು ಹಿಡಿಯಲು ಹೊರಟರು. ಎಲೆ ಕೆಂಪು ಬೆಳಕನ್ನು ಕುಡಿಯುತ್ತದೆ, ಕಣ್ಣಿಗೆ ಕಾಣದ ಅತಿಗೆಂಪಿನ ಹತ್ತಿರದ ಬೆಳಕನ್ನು ವಾಪಸು ಎಸೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ. ಬರಿನೆಲಕ್ಕೆ ಸೊನ್ನೆಯಿಂದ ಸ್ವಲ್ಪ ಮೇಲೆ, ದಟ್ಟ ಕಾಡಿಗೆ ಒಂದರ ಹತ್ತಿರ. ಇಂದು ಜಗತ್ತೆಲ್ಲ ಬಳಸುವ ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕ ಇದೇ. ಆ ಸಂಖ್ಯೆ ಏನು ಹೇಳುತ್ತಿದೆ ಎಂದು ತಿಳಿಯಲು ಅವರು ಹುಲ್ಲುಗಾವಲಿಗೆ ಹೋಗಿ, ಹುಲ್ಲು ಕತ್ತರಿಸಿ, ಒಣಗಿಸಿ, ತಕ್ಕಡಿಯಲ್ಲಿ ತೂಗಿದರು. ಅಂದರೆ ಈ ಸೂಚ್ಯಂಕ ಹುಟ್ಟಿದ್ದೇ ದನ ಮೇಯುವ ಹುಲ್ಲಿನ ತೂಕದ ಜೊತೆ. ನೆಲ ಮತ್ತು ಉಪಗ್ರಹ ಆಗ ಎದುರಾಳಿಗಳಾಗಿರಲಿಲ್ಲ. ತಕ್ಕಡಿ ಹಿಂದೆ ಬಿದ್ದು ಸಂಖ್ಯೆ ಮಾತ್ರ ನಮ್ಮಲ್ಲಿಗೆ ಬಂದದ್ದು ಆಮೇಲೆ.

ನಮ್ಮ ಉಪಗ್ರಹ ಐಆರ್‌ಎಸ್ 1ಎ ಹಾರಿದ್ದು 1988ರ ಮಾರ್ಚ್ 17ರಂದು. ಅದೇ 1988ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನಲ್ಲಿ ಬರ ನಿರ್ವಹಣೆಗೆಂದೇ ಒಂದು ಕೋಶ ತೆರೆಯಿತು, ದೇಶದಲ್ಲೇ ಮೊದಲನೆಯದು. ಈಗ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಪಂಚಾಯಿತಿಗೊಂದು ಮಳೆಮಾಪಕ ಇಟ್ಟು ಕಾಯುತ್ತದೆ. ಐಆರ್‌ಎಸ್ 1ಎಯ ಒಂದು ಕ್ಯಾಮೆರಾದ ಒಂದು ಚುಕ್ಕೆ 72.5 ಮೀಟರ್ ಅಗಲ, ಲೆಕ್ಕ ಹಾಕಿದರೆ ಸುಮಾರು ಒಂದೂ ಕಾಲು ಎಕರೆ. ಮೋಡಿಸ್‌ನ ಚುಕ್ಕೆ 250 ಮೀಟರ್, ಸುಮಾರು ಹದಿನೈದು ಎಕರೆ. ನಮ್ಮೂರಲ್ಲಿ ಹದಿನೈದು ಎಕರೆ ಎಂದರೆ ನಾಲ್ಕು ಮನೆಯವರ ಹೊಲ, ಒಂದು ಬಂಡೆಗುಂಡು, ಬದುವಿನ ತಂಗಡಿ, ಎರಡು ಬೇವಿನ ಮರ, ಬಿಟ್ಟ ಬೀಳು. ಎಲ್ಲವನ್ನೂ ಕಲಸಿ ಒಂದೇ ಸಂಖ್ಯೆ. 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್ 2ರ ಚುಕ್ಕೆ ಹತ್ತು ಮೀಟರ್, ನೂರು ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್. ಬಾಹ್ಯಾಕಾಶದ ಅಳತೆ ಶಾನುಭೋಗರ ಅಳತೆಗೆ ಇಳಿದು ಬರಲು ಇಷ್ಟು ವರ್ಷ ಬೇಕಾಯಿತು.

ಆದರೂ ಗುಂಟೆಯಷ್ಟು ಹತ್ತಿರದಿಂದ ಕಂಡರೂ ತಪ್ಪುವುದು ತಪ್ಪುತ್ತದೆ. ಹೊಂಗೆ, ಬೇವು ಮಳೆಗಾಗಿ ಕಾಯುವುದಿಲ್ಲ. ಯುಗಾದಿಯ ಹೊತ್ತಿಗೆ, ನೆಲ ಕಾದು ಹೆಂಚಾಗಿರುವಾಗ, ತಳತಳ ಚಿಗುರಿರುತ್ತವೆ. ಕಾವಲಿನಲ್ಲಿ ಇಂಥ ಮರಗಳು ದೂರ ದೂರ, ಅವುಗಳ ವಸಂತ ದೊಡ್ಡ ಚುಕ್ಕೆಯೊಳಗೆ ಕರಗಿ ಹೋಗುತ್ತದೆ. ಉಪಗ್ರಹದ ಗೆರೆಯಲ್ಲಿ ಈ ನಾಡಿಗೆ ಏಪ್ರಿಲ್ ಎಂದರೆ ಸತ್ತ ತಿಂಗಳು. ಮುಂಗಾರಿನ ಮೊದಲ ಹದಕ್ಕೆ ಹಂಚಿಕಡ್ಡಿ ಹುಲ್ಲು ನಾಲ್ಕೈದು ದಿನದಲ್ಲಿ ಮೊಳೆಯುತ್ತದೆ, ಆಗ ಮೇಲೆ ಮೋಡ, ಉಪಗ್ರಹ ಕುರುಡು. ಇಲ್ಲಿ ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು, ಹೆಚ್ಚಿನದು ಬೀಳುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಗೆರೆಯ ಶಿಖರವೂ ಆಗಲೇ. ನವೆಂಬರ್ ಕಳೆದರೆ ಗೆರೆ ಬಿದ್ದುಹೋಗುತ್ತದೆ. ನೆಲದ ಮೇಲೆ ಆಗ ಬಿದ್ದದ್ದು ಹಸಿರು ಮಾತ್ರ, ಹುಲ್ಲು ನಿಂತೇ ಇರುತ್ತದೆ. ಬೀಜ ಉದುರಿಸಿ ಒಣಗಿ ನಿಂತ ಆ ಕರಡವೇ ಮುಂದಿನ ಮಳೆಯವರೆಗೆ ಮಂದೆಗೆ ಆಧಾರ. ಮ್ಯಾಸನಾಯಕರ ದೇವರ ಎತ್ತುಗಳು, ಗೊಲ್ಲರ ಮಂದೆ, ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿ, ಎಲ್ಲವೂ ವರ್ಷದ ಅರ್ಧ ಭಾಗ ಬದುಕುವುದು ಉಪಗ್ರಹ ಖಾಲಿ ಎನ್ನುವ ಜಾಗದಲ್ಲಿ.

ಖಾಲಿ ಎಂಬ ಮಾತು ಉಪಗ್ರಹ ಕಲಿಸಿದ್ದಲ್ಲ. ಕಂದಾಯ ಹುಟ್ಟದ ನೆಲವನ್ನು ಖರಾಬು, ಬಂಜರು ಎಂದು ಬರೆಯುವುದು ಹಳೆಯ ಅಭ್ಯಾಸ. ಉಪಗ್ರಹ ಚಿತ್ರಗಳಿಂದ ತಯಾರಾಗಿ 2000ದಲ್ಲಿ ಮೊದಲು ಹೊರಬಂದ ರಾಷ್ಟ್ರೀಯ ಪಾಳುಭೂಮಿ ನಕಾಶೆ, ಕುರುಚಲು ನೆಲವನ್ನು ಪಾಳಿನ ಪಟ್ಟಿಗೇ ಸೇರಿಸಿತು. ಹೊಸ ಕಣ್ಣಿಗೆ ಹಳೆಯ ಕನ್ನಡಕ ಹಾಕಿದ ಹಾಗಾಯಿತು. ಅದೇ ಉಪಗ್ರಹಗಳನ್ನು ಬೇರೆ ಪ್ರಶ್ನೆ ಕೇಳಿಯೂ ನೋಡಬಹುದು: ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಅವರು ದೇಶದ ಒಣ ಹುಲ್ಲುಬಯಲುಗಳ ನಕಾಶೆಯನ್ನು ಹಾಗೆಯೇ ತಯಾರಿಸಿದರು. ಅವರ ಲೆಕ್ಕದಲ್ಲಿ ಇಂಥ ಬಯಲು ದೇಶದ ನೆಲದ ಹತ್ತರಲ್ಲೊಂದು ಪಾಲು. ಆ ನಕಾಶೆ ಬರುವ ಹೊತ್ತಿಗೆ ಇಲ್ಲಿ ಆಗುವುದು ಆಗಿಹೋಗಿತ್ತು.

2008ರ ನಂತರದ ಕೆಲವು ವರ್ಷಗಳಲ್ಲಿ ಚಳ್ಳಕೆರೆಯ ಖುದಾಪುರ, ಉಳ್ಳಾರ್ತಿ, ವರವು ಭಾಗದ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೋ. ಊರಿನವರು ಗೋಡೆ ಏಳುವಾಗ ತಿಳಿದೆವು ಎಂದರು, ಹೋರಾಟ ನಡೆಯಿತು, ಪ್ರಕರಣ ಹಸಿರು ನ್ಯಾಯಮಂಡಳಿಗೂ ಹೋಯಿತು. ಆ ಕಥೆಯನ್ನು ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ವಿವರ. ಚಂದ್ರಯಾನದ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ಮಾಡಿಸಿತು. ಮೂರು ಋತುವಿನ ಹೆಸರಿನಿಂದ ಕರೆಸಿಕೊಂಡ ಕಾವಲುಗಳ ನೆಲ, ಋತುವೇ ಇಲ್ಲದ ಚಂದ್ರನ ಪಾತ್ರ ಮಾಡಿತು. ಚಂದ್ರಯಾನ 3 ಇಳಿದ ಸಂಜೆ ಹಾಸ್ಟೆಲಿನ ಟಿವಿ ಮುಂದೆ ನಾನೂ ಎದ್ದು ಚಪ್ಪಾಳೆ ತಟ್ಟಿದ್ದೆ. ಎರಡೂ ನಿಜ.

ಅಂದಹಾಗೆ ಬಳ್ಳಾರಿ ಜಾಲಿಯೂ ಮೇಲಿನಿಂದ ಬಂದ ಒಳ್ಳೆಯ ಯೋಚನೆಯೇ. 1877ರಲ್ಲಿ, ಕ್ಷಾಮದ ನಡುವೆಯೇ, ಅದರ ಬೀಜ ಜಮೈಕಾದಿಂದ ಭಾರತಕ್ಕೆ ಬಂತು. ಒಣನೆಲವನ್ನು ಹಸಿರಾಗಿಸುವ ಮರ ಎಂದು ಬಿತ್ತಿದರು, ಹಸಿರಾಯಿತು. ಇಪ್ಪತ್ತು ವರ್ಷದ ಗೆರೆಯಲ್ಲಿ ಬೇಸಿಗೆಯ ತಳ ನಿಧಾನವಾಗಿ ಮೇಲೇರಿರುವ ಕಡೆ, ಊರು ಸುಧಾರಿಸಿದೆ ಎಂದು ದೂರದಿಂದ ಓದಬಹುದು. ನಾನು ಹೋಗಿ ನೋಡಿದ ಅಂಥ ಜಾಗಗಳಲ್ಲಿ ಕೆಲವು ಕೊಳವೆಬಾವಿಯ ತೋಟ, ಉಳಿದವು ಜಾಲಿ. ಸಂಖ್ಯೆಗೆ ಎರಡೂ ಒಂದೇ.

ಇಷ್ಟೆಲ್ಲ ನನಗೆ ಓದಿನ ವಿಷಯವಾಗಿತ್ತು, 2023ರವರೆಗೆ. ನಮ್ಮದು ಮೊಳಕಾಲ್ಮುರು ತಾಲ್ಲೂಕು, ಮೂರು ಎಕರೆ ಕೆಂಪು ಮಸಾರಿ, ಬಿತ್ತುವುದು ಶೇಂಗಾ. ಚಳ್ಳಕೆರೆ, ಮೊಳಕಾಲ್ಮುರು, ಪಾವಗಡದ ಉದ್ದಕ್ಕೂ ಮಳೆಯನ್ನೇ ನಂಬಿದವರ ಬೆಳೆ ಅದು. ಚಳ್ಳಕೆರೆಯನ್ನು ಎಣ್ಣೆನಗರ ಎಂದು ಕರೆಸಿದ್ದೂ ಅದೇ. ಆ ವರ್ಷ ಜುಲೈ ಮಳೆಗೆ ಬಿತ್ತಿದೆವು, ಸಾಲು ಚೆನ್ನಾಗಿ ಎದ್ದಿತು. ಆಮೇಲೆ ಬಂದದ್ದು 1901ರಿಂದ ದಾಖಲಾದ ಆಗಸ್ಟ್‌ಗಳಲ್ಲೇ ದೇಶದಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ಸೆಪ್ಟೆಂಬರಿನ ಚೂರುಪಾರು ಹನಿಗೆ ಗಿಡ ಸಾಯಲಿಲ್ಲ. ದೂರದಿಂದ ನೋಡಿದರೆ ಹೊಲ ಹಸಿರಾಗಿಯೇ ಇತ್ತು.

ಶೇಂಗಾ ವಿಚಿತ್ರ ಗಿಡ. ಹೂ ಬಿಡುವುದು ಮೇಲೆ, ಕಾಯಿ ಕಟ್ಟುವುದು ಮಣ್ಣೊಳಗೆ. ಹೂವು ಉದುರಿದ ಮೇಲೆ ಸೂಜಿಯಂಥ ಊಡು ಕೆಳಗಿಳಿದು ಮಣ್ಣನ್ನು ಚುಚ್ಚಬೇಕು. ಆ ಹತ್ತಿಪ್ಪತ್ತು ದಿನ ಮೇಲ್ಮಣ್ಣು ಮೆತ್ತಗಿರಬೇಕು. ಗಟ್ಟಿಯಾದರೆ ಊಡು ಒಳಗಿಳಿಯದೆ ಗಾಳಿಯಲ್ಲೇ ಒಣಗುತ್ತದೆ. ಇಳಿದರೂ ಕಾಯಿ ತುಂಬುವಾಗ ಹಸಿ ಇಲ್ಲದಿದ್ದರೆ ಜೊಳ್ಳು. ಎಲೆ ಮಾತ್ರ ಹಸಿರಾಗಿಯೇ ಇರಬಹುದು. ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಈ ಸೀಮೆಯ ಶೇಂಗಾ ಬಿತ್ತನೆಯ ದಿನಗಳನ್ನು ರೈತರ ಜೊತೆ ಕುಳಿತು ಲೆಕ್ಕ ಹಾಕಿದ್ದು ಈ ಕಾರಣಕ್ಕೇ: ಒಟ್ಟು ಮಳೆ ಎಷ್ಟು ಎಂಬುದಕ್ಕಿಂತ ಗಿಡದ ಯಾವ ವಯಸ್ಸಿನಲ್ಲಿ ಮಳೆ ತಪ್ಪಿತು ಎಂಬುದು ದೊಡ್ಡದು.

ಬರ ಘೋಷಣೆಗೆ ಕೇಂದ್ರದ 2016ರ ಕೈಪಿಡಿ ಇದೆ. ಮೊದಲು ಮಳೆಯ ಕೊರತೆ, ಆಮೇಲೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹದ ಸಸ್ಯ ಸೂಚ್ಯಂಕ, ಮಣ್ಣಿನ ತೇವ, ಜಲಾಶಯದ ನೀರು. ಕೊನೆಗೆ ಕೆಲವು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ತಾಳೆ ನೋಡಬೇಕು. ಸೆಪ್ಟೆಂಬರ್ 13ರಂದು ರಾಜ್ಯ 195 ತಾಲ್ಲೂಕುಗಳಲ್ಲಿ ಬರ ಎಂದಿತು, ಕೊನೆಗೆ ಆ ಸಂಖ್ಯೆ 236ರಲ್ಲಿ 223 ಆಯಿತು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದಾಗ ಸರ್ಕಾರ ಒಂದು ಪದವನ್ನು ಮತ್ತೆ ಮತ್ತೆ ಬಳಸಿತು: ಹಸಿರು ಬರ. ಹೊಲ ಹಸಿರಾಗಿ ಕಾಣುತ್ತದೆ, ಬೆಳೆ ಇಲ್ಲ ಎಂದು ಅರ್ಥ. ಪತ್ರಿಕೆಯಲ್ಲಿ ಆ ಪದ ಓದಿದಾಗ ರಾಜಕೀಯದವರ ಚಮತ್ಕಾರ ಎಂದುಕೊಂಡು ನಕ್ಕಿದ್ದೆ.

ದಸರಾ ರಜೆಗೆ ಊರಿಗೆ ಹೋದೆ. ಗೆಳೆಯ ಕಳಿಸಿದ ಚಿತ್ರದಲ್ಲಿ ನಮ್ಮ ಹೊಲವನ್ನು ಹುಡುಕಿಟ್ಟಿದ್ದೆ. ನೂರಿಪ್ಪತ್ತು ಗುಂಟೆ, ನೂರಿಪ್ಪತ್ತು ಚಿಕ್ಕ ಚೌಕ, ಬಹುಪಾಲು ಹಸಿರು. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಬದು ಯಾವುದು, ಬೇವಿನ ಮರ ಯಾವುದು ಎಂದು ಆಸಕ್ತಿಯಿಂದಲೇ ಕೇಳಿ ತಿಳಿದುಕೊಂಡರು. ಸರಿಯಾಗಿ ತೆಗೆದಿದ್ದಾರೆ ಎಂದರು. ಆಮೇಲೆ ಹೊಲದೊಳಕ್ಕೆ ನಡೆದು, ಅಲ್ಲೊಂದು ಇಲ್ಲೊಂದು ಹೀಗೆ ಐದು ಗಿಡ ಕಿತ್ತು ತಂದರು. ಮಣ್ಣು ಗಟ್ಟಿಯಿದ್ದದ್ದಕ್ಕೆ ಎರಡು ಗಿಡ ಬುಡದಲ್ಲೇ ಕಿತ್ತು ಬಂದವು. ಬದುವಿನ ಮೇಲೆ ಕುಳಿತು ಒಂದೊಂದನ್ನೇ ಬುಡಮೇಲಾಗಿ ಹಿಡಿದು ಬಿಡಿಸಿದರು. ಒಂದರಲ್ಲಿ ಮೂರು ಕಾಯಿ, ಒಂದರಲ್ಲಿ ಎರಡು, ಮಿಕ್ಕವುಗಳಲ್ಲಿ ಒಣಗಿದ ಊಡು ಮಾತ್ರ. ಒಂದು ಕಾಯಿ ಒಡೆದು ಜೊಳ್ಳನ್ನು ಅಂಗೈಯಲ್ಲಿಟ್ಟು ತೋರಿಸಿ, “ಇದನ್ನ ಬರ್ಕೊಂತೀಯಾ?” ಎಂದರು. ಬರೆದುಕೊಂಡೆ. ದಿನಾಂಕ, ಹೊಲದ ಸರ್ವೆ ನಂಬರು, ಗಿಡ ಐದು, ಕಾಯಿ ಐದು, ಮಳೆ ಚಿತ್ತೆ.

ಆ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತೆಂದು ರೈತರಿಗೆ ಎರಡು ಸಾವಿರ ರೂಪಾಯಿವರೆಗೆ ಹಾಕಿತು. ಕಿತ್ತ ಗಿಡಗಳನ್ನು ಅಮ್ಮ ಅವತ್ತೇ ಎಮ್ಮೆಗೆ ಹಾಕಿದ್ದರು. ಹಸಿರಾಗಿದ್ದವಲ್ಲ, ಚೆನ್ನಾಗಿ ತಿಂದಿತು.